ವಿಶಾಖಪಟ್ಟಣದ ಮೇಲಣ ಬಾಂಬುದಾಳಿಯೂ ಯುದ್ಧಕಾಲದ ಜನಜೀವನವೂ

ಎರಡನೆಯ ಮಹಾಯುದ್ಧವೆಂದೊಡನೆ ಓದುಗರ ಕಣ್ಣಮುಂದೆ ನಿಲ್ಲುವುವು ಲಂಡನ್, ಸ್ಟಾಲಿನ್‌ಗ್ರಾಡ್, ಹಿರೋಷಿಮಾ ಮೊದಲಾದ ದೂರದ ಹೆಸರುಗಳು. ಭಾರತದ ಮಾತು ಬಂದಾಗಲೂ ಇಂಫಾಲ, ಕೊಹಿಮಾಗಳನ್ನು ಸ್ಮರಿಸಿ ಮುಂದೆ ಸಾಗುವುದು ವಾಡಿಕೆ. ಆದರೆ ಭಾರತದ ಮುಖ್ಯಭೂಮಿಯ ಮೇಲೆ ಶತ್ರುವಿನ ವಿಮಾನಗಳಿಂದ ಮೊತ್ತಮೊದಲು ಬಾಂಬುಗಳು ಬಿದ್ದುದು ಅವೆರಡರಲ್ಲಿ ಎಲ್ಲಿಯೂ ಅಲ್ಲ. ಆಂಧ್ರದ ಕರಾವಳಿಯ ವಿಶಾಖಪಟ್ಟಣ ಮತ್ತು ಕಾಕಿನಾಡಗಳಲ್ಲಿ, 1942ರ ಏಪ್ರಿಲ್ 6ನೆಯ ತಾರೀಖು ಸೋಮವಾರದಂದು. ಅಂದು ಬಿದ್ದ ಬಾಂಬುಗಳು ಕೆಲವೇ. ಮಡಿದವರ ಸಂಖ್ಯೆಯೂ ಯುದ್ಧದ ಅಳತೆಯಲ್ಲಿ ಅತ್ಯಲ್ಪ. ಆದುದರಿಂದಲೇ ಮಹಾಯುದ್ಧದ ಚರಿತ್ರೆಗಳಲ್ಲಿ ಈ ಘಟನೆಗೆ ಒಂದೆರಡು ವಾಕ್ಯಗಳಿಗಿಂತ ಹೆಚ್ಚಿನ ಸ್ಥಾನ ದೊರೆತಿಲ್ಲ.

ಆದರೂ ಇದು ಉಪೇಕ್ಷಿಸತಕ್ಕ ಘಟನೆಯಲ್ಲ. ದಾಳಿಯಿಂದ ಆದ ನಾಶಕ್ಕಿಂತ ದಾಳಿಯಿಂದ ಉಂಟಾದ ಚಲನೆ ಬಹಳ ದೊಡ್ಡದು. ಜನರು, ಯಂತ್ರಗಳು, ವಿದ್ಯಾಪೀಠ, ಸರ್ಕಾರಿ ಕಚೇರಿಗಳು ಎಲ್ಲವೂ ಕಡಲನ್ನು ಬಿಟ್ಟು ಒಳನಾಡಿಗೆ ಸರಿದವು. ಹೀಗೆ ಸರಿಯುವ ಶಕ್ತಿ ಯಾರಿಗಿತ್ತು, ಯಾರಿಗಿರಲಿಲ್ಲ ಎಂಬುದನ್ನು ವಿಚಾರಿಸಿದರೆ ಯುದ್ಧಕಾಲದ ಜನಜೀವನದ ನಿಜಸ್ವರೂಪವು ತಾನಾಗಿಯೇ ತಿಳಿದುಬರುತ್ತದೆ. ಕನ್ನಡ ನಾಡಿನ ಕೈಗಾರಿಕೆಯ ಮತ್ತು ವಿದ್ಯಾಭ್ಯಾಸದ ಚರಿತ್ರೆಗೂ ಈ ಕಡಲೂರಿನ ಕಥೆಗೂ ಇರುವ ಸಂಬಂಧವು ಅದರಿಂದ ಸ್ಪಷ್ಟವಾಗುತ್ತದೆ.

ಯುದ್ಧವು ಬಂಗಾಳ ಕೊಲ್ಲಿಗೆ ಬಂದ ಬಗೆ

ಜಪಾನು 1931ರಲ್ಲಿ ಮಂಚೂರಿಯವನ್ನು ಆಕ್ರಮಿಸಿತು. 1937ರಿಂದ ಚೀನಾದೊಡನೆ ಪೂರ್ಣಪ್ರಮಾಣದ ಯುದ್ಧಕ್ಕಿಳಿಯಿತು. ಆ ಯುದ್ಧಕ್ಕೆ ಬೇಕಾದ ಪೆಟ್ರೋಲಿಯಂ, ರಬ್ಬರು, ತವರಗಳು ಜಪಾನಿನಲ್ಲಿರಲಿಲ್ಲ. 1941ರ ಬೇಸಗೆಯಲ್ಲಿ ಅಮೆರಿಕವು ಎಣ್ಣೆಯ ಸರಬರಾಯಿಯನ್ನು ತಡೆಹಿಡಿದಾಗ, ಅದು ಆಗ್ನೇಯ ಏಷ್ಯದ ವಸಾಹತುಗಳತ್ತ ಕೈಚಾಚಿತು. ಅದೇ ವರ್ಷದ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ಮತ್ತು ಮಲಯಗಳ ಮೇಲೆ ಏಕಕಾಲದಲ್ಲಿ ಎಂಬಂತೆ ದಾಳಿ ನಡೆಯಿತು. 1942ರ ಫೆಬ್ರವರಿ 15ರಂದು ಸಿಂಗಪುರವೂ, ಮಾರ್ಚ್ 8ರಂದು ರಂಗೂನೂ ಬಿದ್ದುವು. ಮಾರ್ಚ್ 23ರಂದು ಅಂಡಮಾನ್ ದ್ವೀಪಗಳು ಜಪಾನೀಯರ ವಶವಾದುವು. ಮೂರು ತಿಂಗಳ ಹಿಂದೆ ಸಾವಿರಾರು ಮೈಲಿಗಳಾಚೆ ಇದ್ದ ಯುದ್ಧವು ಆಂಧ್ರದ ತೀರಕ್ಕೆ ಎದುರಾಗಿ ಬಂದು ನಿಂತಿತು.

ಭಾರತವಾದರೋ ತನ್ನ ಇಚ್ಛೆಯಿಂದ ಈ ಯುದ್ಧವನ್ನು ಸೇರಿದುದಲ್ಲ. 1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೋ ಅವರು ಜನಪ್ರತಿನಿಧಿಗಳ ಅಭಿಪ್ರಾಯವನ್ನು ಕೇಳದೆಯೇ ಭಾರತವು ಯುದ್ಧನಿರತವೆಂದು ಘೋಷಿಸಿದರು. ಇದನ್ನು ಪ್ರತಿಭಟಿಸಿ ಕಾಂಗ್ರೆಸ್ ಮಂತ್ರಿಮಂಡಲಗಳು ಅದೇ ವರ್ಷ ರಾಜೀನಾಮೆ ಕೊಟ್ಟವು; ಮದರಾಸಿನಲ್ಲಿ ರಾಜಾಜಿಯವರ ಮಂತ್ರಿಮಂಡಲವೂ ಅಧಿಕಾರ ಬಿಟ್ಟಿತು. ಇದರಿಂದಾಗಿ ಸಂಕಟದ ಹೊತ್ತು ಬಂದಾಗ ಮದರಾಸು ಪ್ರಾಂತ್ಯವು ಗವರ್ನರರ ನೇರ ಆಡಳಿತದಲ್ಲಿತ್ತು. ಜನರಿಗೆ ಧೈರ್ಯ ಹೇಳಬಲ್ಲ ನಾಯಕರು ಸರ್ಕಾರದ ಹೊರಗಿದ್ದರು. ವಿಶಾಖಪಟ್ಟಣ, ಬೆಜವಾಡಗಳಂತೆ ಬಳ್ಳಾರಿಯೂ ದಕ್ಷಿಣ ಕನ್ನಡವೂ ಆಗ ಇದೇ ಪ್ರಾಂತ್ಯಕ್ಕೆ ಸೇರಿದ್ದುವು.

ಏಪ್ರಿಲ್ ತಿಂಗಳ ಮೊದಲ ವಾರ

ಬ್ರಹ್ಮದೇಶದ ಸೇನೆಗೆ ಹೋಗುವ ತಮ್ಮ ಸಮುದ್ರಮಾರ್ಗವನ್ನು ಭದ್ರಪಡಿಸಿಕೊಳ್ಳುವುದು ಮತ್ತು ಬ್ರಿಟಿಷರ ಪೂರ್ವ ನೌಕಾಬಲವನ್ನು ಮುರಿಯುವುದು ಜಪಾನೀಯರ ಉದ್ದೇಶವಾಗಿತ್ತು. ಅಡ್ಮಿರಲ್ ನಗುಮೊ ಅವರ ಮುಖ್ಯ ಪಡೆಯು ಏಪ್ರಿಲ್ 5ರಂದು ಕೊಲಂಬೊ ಮೇಲೆಯೂ 9ರಂದು ತ್ರಿಂಕೋಮಲಿಯ ಮೇಲೆಯೂ ಎರಗಿತು. ಡಾರ್ಸೆಟ್‌ಶೈರ್, ಕಾರ್ನ್‌ವಾಲ್ ಎಂಬ ಎರಡು ಕ್ರೂಸರುಗಳೂ ಹರ್ಮಿಸ್ ಎಂಬ ವಿಮಾನವಾಹಕವೂ ಮುಳುಗಿದುವು. ಬ್ರಿಟಿಷ್ ನೌಕಾಬಲವು ಪಶ್ಚಿಮಕ್ಕೆ ಹಿಂಜರಿಯಿತು.

ಅದೇ ಕಾಲದಲ್ಲಿ ಅಡ್ಮಿರಲ್ ಒಝಾವಾ ಅವರ ಇನ್ನೊಂದು ಪಡೆಯು ಬಂಗಾಳ ಕೊಲ್ಲಿಗೆ ನುಗ್ಗಿ, ಒರಿಸ್ಸ–ಆಂಧ್ರಗಳ ಕರಾವಳಿಯಲ್ಲಿ ವ್ಯಾಪಾರದ ಹಡಗುಗಳನ್ನು ಬೇಟೆಯಾಡಿತು. ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಹಡಗುಗಳು, ಒಂದು ಲಕ್ಷ ಟನ್ನಿಗೂ ಮಿಕ್ಕಿದ ನೌಕಾಸಂಪತ್ತು, ಸಮುದ್ರದ ಪಾಲಾದುವು. ಈ ಪಡೆಯಲ್ಲಿದ್ದ ರ್ಯೂಜೋ ಎಂಬ ಸಣ್ಣ ವಿಮಾನವಾಹಕದಿಂದ ಹೊರಟ ವಿಮಾನಗಳೇ ಏಪ್ರಿಲ್ 6ರಂದು ಕಾಕಿನಾಡ ಮತ್ತು ವಿಶಾಖಪಟ್ಟಣಗಳ ಮೇಲೆ ಬಾಂಬು ಹಾಕಿದುವು. ಆ ಹೊತ್ತಿಗೆ ವಿಶಾಖಪಟ್ಟಣದ ಬಂದರು 1933ರಲ್ಲಿ ತೆರೆಯಲ್ಪಟ್ಟು ಹತ್ತು ವರ್ಷವೂ ತುಂಬಿರಲಿಲ್ಲ. ಊರಿನ ರಕ್ಷಣೆಗೆ ಹೇಳಿಕೊಳ್ಳತಕ್ಕ ಏರ್ಪಾಡೂ ಇರಲಿಲ್ಲ.

ಜಪಾನೀಯರು ಮರಳಿ ಬರಲಿಲ್ಲ. ಭಾರತದ ತೀರದಲ್ಲಿ ಸೈನ್ಯವನ್ನಿಳಿಸುವ ಸಿದ್ಧತೆಯೂ ಅವರಲ್ಲಿರಲಿಲ್ಲ. ಜೂನ್ ತಿಂಗಳ ಮಿಡ್‌ವೇ ಕದನದಲ್ಲಿ ನಗುಮೊ ಅವರ ನಾಲ್ಕು ವಿಮಾನವಾಹಕಗಳು ನಾಶವಾದ ಮೇಲೆ ಆ ಅಪಾಯವು ಬಹುಮಟ್ಟಿಗೆ ಕಳೆಯಿತು. ಆದರೆ ಇದೆಲ್ಲ ಆಮೇಲೆ ತಿಳಿದ ಸಂಗತಿ. ಏಪ್ರಿಲ್ 7ರ ಬೆಳಿಗ್ಗೆ ವಿಶಾಖಪಟ್ಟಣದಲ್ಲಿದ್ದವನಿಗೆ ಸಿಂಗಪುರ, ರಂಗೂನುಗಳ ಬಳಿಕ ತನ್ನ ಊರಿನ ಸರದಿ ಬಂತೆಂದು ತೋರಿದುದರಲ್ಲಿ ಆಶ್ಚರ್ಯವಿಲ್ಲ.

ಒಳನಾಡಿಗೆ ವಲಸೆ

ನಗರವು ಬರಿದಾಗತೊಡಗಿತು. ಕಡಲನ್ನು ಬಿಟ್ಟು ನೈಋತ್ಯಕ್ಕೆ ಹೊರಟವರಿಗೆ ರೈಲುದಾರಿಯಲ್ಲಿ ಮೊದಲು ಸಿಕ್ಕುವ ದೊಡ್ಡ ಊರು ಅನಕಾಪಲ್ಲಿ. ಶಾರದಾ ನದಿಯ ದಡದ ಈ ಊರು ಬೆಲ್ಲದ ವ್ಯಾಪಾರಕ್ಕೆ ಹೆಸರಾದುದು. 1913ರಿಂದ ಇಲ್ಲೊಂದು ಕೃಷಿ ಸಂಶೋಧನಾ ಕೇಂದ್ರವೂ ಇದೆ. ಇನ್ನೂ ಮುಂದೆ ಅದೇ ದಾರಿಯಲ್ಲಿ ಬೆಜವಾಡ, ಎಂದರೆ ಇಂದಿನ ವಿಜಯವಾಡ. ಮದರಾಸು, ಕಲ್ಕತ್ತ, ಹೈದರಾಬಾದುಗಳ ಹಾದಿಗಳೂ, ಗುಂಟಕಲ್ಲಿನ ಮೂಲಕ ಹುಬ್ಬಳ್ಳಿಯ ಕಡೆಗೆ ಹೋಗುವ ಹಾದಿಯೂ ಕೂಡುವ ಸ್ಥಳವದು. ಒಳನಾಡಿನಲ್ಲಿ ಮನೆಯೋ ಜಮೀನೋ ಬಂಧುಗಳೋ ಇದ್ದವರಿಗೆ ಈ ಹಾದಿಗಳು ತೆರೆದಿದ್ದುವು. ತಿಂಗಳ ಸಂಬಳದ ನೌಕರನು ಹೆಂಡತಿ ಮಕ್ಕಳನ್ನು ಹುಟ್ಟೂರಿಗೆ ಕಳುಹಿಸಿ ತಾನೊಬ್ಬನೇ ಉಳಿಯಬಹುದಾಗಿತ್ತು. ಬಂದರಿನ ಕೂಲಿಗೂ ತೀರದ ಬೆಸ್ತನಿಗೂ ಅಂತಹ ಅನುಕೂಲವಿರಲಿಲ್ಲ. ಕಡಲೇ ಅವರ ಅನ್ನ.

ಜನರ ಭಯವನ್ನು ಸರ್ಕಾರವೇ ಇಮ್ಮಡಿಸಿತು. ಜಪಾನೀ ನೌಕೆಗಳು ಮದರಾಸಿನತ್ತ ಬರುತ್ತಿವೆಯೆಂಬ ಸುಳ್ಳು ವರ್ತಮಾನವನ್ನು ನಂಬಿ, ಏಪ್ರಿಲ್ ತಿಂಗಳಲ್ಲಿ ಮದರಾಸು ಸರ್ಕಾರವು ನಗರವನ್ನು ತೆರವು ಮಾಡಲು ಹೊರಟಿತು. ಕಚೇರಿಗಳು ಒಳನಾಡಿನ ಊರುಗಳಿಗೆ ಹಂಚಿಹೋದುವು. ಮೃಗಾಲಯದ ಕ್ರೂರಮೃಗಗಳನ್ನು ಗುಂಡಿಟ್ಟು ಕೊಲ್ಲಲಾಯಿತು. 1914ರಲ್ಲಿ ಎಂಡೆನ್ ಎಂಬ ಜರ್ಮನ್ ಹಡಗು ಮದರಾಸಿನ ಮೇಲೆ ಗುಂಡು ಹಾರಿಸಿದ್ದುದು ಹಿರಿಯರ ನೆನಪಿನಲ್ಲಿತ್ತು. ಆದರೆ ಆಗ ಸರ್ಕಾರವು ಊರು ಬಿಟ್ಟಿರಲಿಲ್ಲ. ರಕ್ಷಿಸಬೇಕಾದವರೇ ಮೊದಲು ಹೊರಟುದನ್ನು ಕಂಡ ಜನರಿಗೆ ಬ್ರಿಟಿಷ್ ಪ್ರಭುತ್ವದ ಅಭೇದ್ಯತೆಯಲ್ಲಿದ್ದ ನಂಬಿಕೆ ಕುಸಿಯಿತು. ಕ್ರಿಪ್ಸ್ ಅವರ ಸಂಧಾನವು ದೆಹಲಿಯಲ್ಲಿ ಮುರಿದುಬಿದ್ದುದೂ ಇದೇ ತಿಂಗಳಲ್ಲಿ. ಆ ವರ್ಷದ ಆಗಸ್ಟ್ ಚಳುವಳಿಯ ಕಾವಿಗೆ ರಾಜಕೀಯ ಕಾರಣಗಳೊಡನೆ ಈ ವಿಶ್ವಾಸಭಂಗವೂ ಒಂದು ಕಾರಣವೆಂದು ಹೇಳಬೇಕಾಗುತ್ತದೆ.

ವಲಸೆ ಹೋದವುಗಳಲ್ಲಿ ಆಂಧ್ರ ವಿಶ್ವವಿದ್ಯಾನಿಲಯವೂ ಒಂದು. 1926ರಲ್ಲಿ ಬೆಜವಾಡದಲ್ಲಿ ಆರಂಭವಾಗಿ ಬಳಿಕ ವಾಲ್ಟೇರಿಗೆ ಬಂದಿದ್ದ ಈ ಸಂಸ್ಥೆಯನ್ನು ಯುದ್ಧದ ದೆಸೆಯಿಂದ 1942ರಲ್ಲಿ ಗುಂಟೂರಿಗೆ ಸಾಗಿಸಬೇಕಾಯಿತು. ಯುದ್ಧ ಮುಗಿದ ಮೇಲೆಯೇ ಅದು ವಾಲ್ಟೇರಿಗೆ ಮರಳಿದುದು. ಆಗ ಅದರ ಉಪಕುಲಪತಿಗಳಾಗಿದ್ದವರು ಕಟ್ಟಮಂಚಿ ರಾಮಲಿಂಗಾರೆಡ್ಡಿಯವರು. ಕನ್ನಡಿಗರಿಗೆ ಇವರು ಅಪರಿಚಿತರಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದು, 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದ ರೂಪಣೆಗಾಗಿ ದುಡಿದು, ಆ ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಾಧಿಕಾರವನ್ನು ವಹಿಸಿದ್ದವರು. ಒಂದು ವಿದ್ಯಾಪೀಠವನ್ನು ಕಟ್ಟುವುದರಲ್ಲಿ ಪಡೆದ ಅನುಭವವು ಇನ್ನೊಂದನ್ನು ಚದುರಿಹೋಗದಂತೆ ಕಾಪಾಡುವ ಕಾಲದಲ್ಲಿ ಅವರೊಡನಿತ್ತು.

ಕಡಲೂರಿನ ಹಡಗು, ಪ್ರಸ್ಥಭೂಮಿಯ ವಿಮಾನ

ಯುದ್ಧವು ಕರಾವಳಿಯನ್ನೂ ಕನ್ನಡ ಪ್ರಸ್ಥಭೂಮಿಯನ್ನೂ ಬೆಸೆದ ಬಗೆಯನ್ನು ತಿಳಿಯಲು ಸೊಲ್ಲಾಪುರದಲ್ಲಿ ಹುಟ್ಟಿದ ಉದ್ಯಮಿ ವಾಲ್‌ಚಂದ್ ಹೀರಾಚಂದರ ಎರಡು ಸಾಹಸಗಳನ್ನು ಜೊತೆಯಲ್ಲಿಟ್ಟು ನೋಡಬೇಕು. 1940ರ ಡಿಸೆಂಬರಿನಲ್ಲಿ ಅವರು ಮೈಸೂರು ಸರ್ಕಾರದ ಪಾಲುಗಾರಿಕೆಯೊಡನೆ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಆರು ತಿಂಗಳ ತರುವಾಯ, 1941ರ ಜೂನ್ 21ರಂದು, ಅವರ ಸಿಂಧಿಯಾ ನೌಕಾಸಂಸ್ಥೆಯ ಹಡಗುಕಟ್ಟೆಗೆ ವಿಶಾಖಪಟ್ಟಣದಲ್ಲಿ ಬಾಬು ರಾಜೇಂದ್ರಪ್ರಸಾದರು ಅಡಿಗಲ್ಲನ್ನಿಟ್ಟರು. ಎರಡರ ಹಿಂದೆಯೂ ಇದ್ದ ಆಶಯ ಒಂದೇ: ಪರದೇಶದ ಹಡಗು ವಿಮಾನಗಳನ್ನು ನೆಚ್ಚಿರುವ ದೇಶಕ್ಕೆ ಸ್ವಾತಂತ್ರ್ಯವು ದೊರೆತರೂ ಅದು ಅರೆಬರೆಯಾಗುತ್ತದೆ.

ಎರಡರ ಗತಿ ಮಾತ್ರ ಬೇರೆಬೇರೆಯಾಯಿತು. ಕಡಲಿನಿಂದ ದೂರದಲ್ಲಿದ್ದ ಬೆಂಗಳೂರು ಯುದ್ಧಕಾರ್ಯಕ್ಕೆ ಯೋಗ್ಯಸ್ಥಳವೆನಿಸಿತು. 1942ರ ಏಪ್ರಿಲ್ ಆರಂಭದಲ್ಲಿ ಭಾರತ ಸರ್ಕಾರವು ವಾಲ್‌ಚಂದರ ಪಾಲನ್ನು ಕೊಂಡು ಕಾರ್ಖಾನೆಯ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಮರುವರ್ಷ ಅದು ಅಮೆರಿಕದ ವಾಯುಸೇನೆಯ ವಿಮಾನಗಳನ್ನು ದುರಸ್ತು ಮಾಡುವ ದೊಡ್ಡ ಕೇಂದ್ರವಾಯಿತು. ಮೈಸೂರಿನ ಸಾವಿರಾರು ಯುವಕರು ಅಲ್ಲಿ ಯಂತ್ರವಿದ್ಯೆಯನ್ನು ಕಲಿತರು. ವಿಶಾಖಪಟ್ಟಣದ ಹಡಗುಕಟ್ಟೆಯಲ್ಲಾದರೋ ಬಾಂಬುದಾಳಿಯ ತರುವಾಯ ಕೆಲಸವು ನಿಂತು, ಯಂತ್ರಸಾಮಗ್ರಿಯು ಮುಂಬಯಿಗೆ ಸಾಗಿತು. ಹೀಗೆ ಒಂದೇ ತಿಂಗಳಲ್ಲಿ ಒಂದು ಉದ್ಯಮವು ಅದರ ಸ್ಥಾಪಕನ ಕೈತಪ್ಪಿತು, ಇನ್ನೊಂದು ಸ್ತಬ್ಧವಾಯಿತು. ಅಲ್ಲಿ ಕಟ್ಟಿದ ಮೊದಲ ದೊಡ್ಡ ಹಡಗು ‘ಜಲ ಉಷಾ’ ನೀರಿಗಿಳಿದುದು 1948ರ ಮಾರ್ಚ್ 14ರಂದು, ನೆಹರೂ ಅವರ ಹಸ್ತದಿಂದ. ಯುದ್ಧದ ಅಪಾಯವನ್ನು ಕಡಲೂರು ಹೊತ್ತಿತು. ಯುದ್ಧದಿಂದ ಬಂದ ಉದ್ಯಮದ ಬೆಳವಣಿಗೆಯ ಒಂದು ಭಾಗವು ಪ್ರಸ್ಥಭೂಮಿಗೆ ಸಂದಿತು. ಬೆಂಗಳೂರಿನ ಕೈಗಾರಿಕಾ ಪ್ರಗತಿಯನ್ನು ವಿವರಿಸುವಾಗ ಹವೆ, ವಿದ್ಯುಚ್ಛಕ್ತಿ, ದಿವಾನರ ದೂರದೃಷ್ಟಿಗಳ ಜೊತೆಗೆ ಈ ಅಂಶವನ್ನೂ ಗಣಿಸುವುದು ನ್ಯಾಯ.

ಅನ್ನದ ಅಭಾವ

ಬಾಂಬುಗಳಿಂದ ಆಗದ ಹಾನಿಯು ಅಭಾವದಿಂದ ಆಯಿತು. ವಿಶಾಖಪಟ್ಟಣ, ಗೋದಾವರಿ ಪ್ರಾಂತಗಳಿಂದ ತಲೆಮಾರುಗಳ ಕಾಲ ಸಾವಿರಾರು ತೆಲುಗು ಕೂಲಿಗಾರರು ರಂಗೂನಿನ ಬಂದರಿಗೂ ಅಕ್ಕಿಯ ಗಿರಣಿಗಳಿಗೂ ಹೋಗಿ ದುಡಿಯುತ್ತಿದ್ದರು. ಬ್ರಹ್ಮದೇಶವು ಬಿದ್ದಾಗ ಲಕ್ಷಗಟ್ಟಲೆ ಭಾರತೀಯರು ಅರಕಾನಿನ ಮತ್ತು ಮಣಿಪುರದ ಗುಡ್ಡಗಾಡುಗಳನ್ನು ಕಾಲ್ನಡೆಯಲ್ಲಿ ದಾಟಿ ಬಂದರು. ಹಸಿವು, ವಿಷೂಚಿ, ಮಲೇರಿಯಗಳಿಂದ ದಾರಿಯಲ್ಲಿ ಮಡಿದವರು ಸಾವಿರಾರು ಮಂದಿ. ಉಳಿದು ಬಂದವರ ಹಿಂದೆ ಕೆಲಸವೂ ಇರಲಿಲ್ಲ, ಊರಿಗೆ ಬರುತ್ತಿದ್ದ ಹಣವೂ ಇರಲಿಲ್ಲ. ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಮಿಕ್ಕಿ ಬರುತ್ತಿದ್ದ ಬ್ರಹ್ಮದೇಶದ ಅಕ್ಕಿಯೂ ನಿಂತಿತು.

ಇದರೊಡನೆ ಕರಾವಳಿಯ ನೌಕಾಸಂಚಾರವು ಕುಂಠಿತವಾಗಿ, ಹಡಗಿನಲ್ಲಿ ಹೋಗುತ್ತಿದ್ದ ಸರಕೆಲ್ಲ ರೈಲಿನ ಮೇಲೆ ಬಿತ್ತು. ರೈಲಿನಲ್ಲಿ ಮೊದಲ ಸ್ಥಾನ ಸೈನ್ಯದ್ದು. ಯುದ್ಧದ ವೆಚ್ಚಕ್ಕಾಗಿ ಸರ್ಕಾರವು ನೋಟುಗಳನ್ನು ಅಚ್ಚುಹಾಕಿತು; 1939ರಲ್ಲಿ ಸುಮಾರು 180 ಕೋಟಿ ರೂಪಾಯಿಗಳಷ್ಟಿದ್ದ ಚಲಾವಣೆಯ ನೋಟುಗಳು ಯುದ್ಧದ ಕೊನೆಗೆ ಸುಮಾರು 1,200 ಕೋಟಿಯಾದುವು. ಧಾನ್ಯ ಕಡಮೆ, ಹಣ ಹೆಚ್ಚು. ಬೆಲೆಗಳು ಏರಿದುವು, ದಾಸ್ತಾನುಗಾರರು ಬೆಳೆದರು. ಇದರ ಅತ್ಯಂತ ಘೋರ ಪರಿಣಾಮವು 1943ರ ಬಂಗಾಳದ ಕ್ಷಾಮ. ಅದರಲ್ಲಿ ಸತ್ತವರು ಹದಿನೈದು ಲಕ್ಷವೆಂದು ಅಂದಿನ ವಿಚಾರಣಾ ಆಯೋಗವು ಎಣಿಸಿತು. ಮೂವತ್ತು ಲಕ್ಷದವರೆಗೆಂದು ಅನಂತರದ ಸಂಶೋಧಕರ ಅಂದಾಜು. ಕನ್ನಡ ನಾಡಿನ ಬಿಜಾಪುರ ಜಿಲ್ಲೆಯೂ 1942–43ರಲ್ಲಿ ಮಳೆಯಿಲ್ಲದೆ ಬರಗಾಲಕ್ಕೆ ತುತ್ತಾಯಿತು. ಗೋದಾವರಿ, ಕೃಷ್ಣಾ ಮುಖಜಭೂಮಿಗಳಲ್ಲಿ ಬತ್ತವು ಬೆಳೆಯುತ್ತಲೇ ಇದ್ದಿತಾದರೂ, ಬೆಳೆದ ಧಾನ್ಯವು ಹಸಿದವನ ಬಾಯಿಗೆ ತಲುಪಲು ದಾರಿ, ಬೆಲೆ, ಆಡಳಿತ ಮೂರೂ ಸರಿಯಿರಬೇಕು. ಪಡಿತರದ ಚೀಟಿ, ಸೀಮೆಎಣ್ಣೆಯ ಸಾಲು, ಕಾಗದದ ನಿಯಂತ್ರಣಗಳು ಆ ದಶಕದ ಗೃಹಜೀವನದ ಅಂಗಗಳಾದುವು. ಪಡಿತರವಂತೂ ಯುದ್ಧ ಮುಗಿದ ಮೇಲೆಯೂ ಉಳಿಯಿತು.

ಉಪಸಂಹಾರ

ವಿಶಾಖಪಟ್ಟಣದ ಕಡಲತೀರದಲ್ಲಿ ಯುದ್ಧಕಾಲದ ಕಾವಲುಗೂಡುಗಳ ಅವಶೇಷಗಳಿವೆ. ಅಂದು ಬಿದ್ದ ಬಾಂಬಿನ ಕವಚವೊಂದು ನಗರದ ವಸ್ತುಸಂಗ್ರಹಾಲಯದಲ್ಲಿದೆ. ಅನಕಾಪಲ್ಲಿಯು 2022ರಿಂದ ಪ್ರತ್ಯೇಕ ಜಿಲ್ಲೆಯ ಮುಖ್ಯಪಟ್ಟಣವಾಗಿದೆ. 1942ರಲ್ಲಿ ಜನರು ತೊರೆದ ಕಡಲೂರಿಗೆ ಅನಂತರದ ದಶಕಗಳಲ್ಲಿ ನೌಕಾದಳ, ಹಡಗುಕಟ್ಟೆ, ಉಕ್ಕಿನ ಕಾರ್ಖಾನೆಗಳನ್ನರಸಿ ದೇಶದ ನಾನಾ ಭಾಗಗಳ ಜನರು ಬಂದು ನೆಲಸಿದ್ದಾರೆ, ಕನ್ನಡಿಗರೂ ಅವರಲ್ಲಿದ್ದಾರೆ. ಹೀಗೆ ಬಂದು ನೆಲಸಿದವರಿಗೆ ಈ ಚರಿತ್ರೆಯಿಂದ ತಿಳಿಯತಕ್ಕ ಸಂಗತಿಯೊಂದುಂಟು. ಅಂದು ಊರನ್ನು ಬಿಡಬಲ್ಲವರು ಬಿಟ್ಟರು, ಬಿಡಲಾರದವರು ಉಳಿದರು; ಬಂದರನ್ನೂ ಬೀದಿಯನ್ನೂ ಉಳಿಸಿಕೊಂಡವರು ಉಳಿದವರೇ. ಯುದ್ಧದ ಚರಿತ್ರೆಯಲ್ಲಿ ಅಡ್ಮಿರಲುಗಳ ಹೆಸರುಗಳಿವೆ, ಹಡಗುಗಳ ಹೆಸರುಗಳಿವೆ. ಆ ಕೂಲಿಗಾರರ, ಬೆಸ್ತರ, ಬ್ರಹ್ಮದೇಶದಿಂದ ಕಾಲ್ನಡೆಯಲ್ಲಿ ಮರಳಿದವರ ಕಥೆಯು ಮಾತ್ರ ಮನೆಮನೆಗಳ ನೆನಪಿನಲ್ಲಷ್ಟೇ ಉಳಿದಿದೆ. ಆ ಕಾಲವನ್ನು ಕಂಡವರು ದಿನೇ ದಿನೇ ವಿರಳವಾಗುತ್ತಿದ್ದಾರೆ. ತೆಲುಗು ನೆರೆಹೊರೆಯವರ ಮಾತನ್ನು ಬಲ್ಲ ಕನ್ನಡ ವಿದ್ವಾಂಸರು ಆ ನೆನಪುಗಳನ್ನು ಬರೆದಿಡಲು ಮುಂದಾದರೆ ಎರಡು ನಾಡುಗಳ ಚರಿತ್ರೆಗೂ ಉಪಕಾರವಾಗುತ್ತದೆ.