ತಾಮ್ರದ ಮೈಮೇಲಿನ ಹಸಿರು

ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹದಲ್ಲಿ ಒಂದೂವರೆ ಟನ್ನಿಗೂ ಮೀರಿದ ತಾಮ್ರದ ಬಂಡೆಯೊಂದಿದೆ. ಕುಲುಮೆಯಲ್ಲಿ ಕರಗಿಸಿ ತೆಗೆದದ್ದಲ್ಲ, ನೆಲದಲ್ಲಿ ಲೋಹವಾಗಿಯೇ ಸಿಕ್ಕಿದ್ದು. ಮಿಷಿಗನ್‌ನ ಒಂಟೊನಾಗನ್ ನದಿಯ ದಂಡೆಯಲ್ಲಿದ್ದ ಅದನ್ನು ಓಜಿಬ್ವೆ ಜನ ಪವಿತ್ರವೆಂದು ಕಾಣುತ್ತಿದ್ದರು. 1843ರಲ್ಲಿ ಜೂಲಿಯಸ್ ಎಲ್ಡ್ರೆಡ್ ಎಂಬ ವ್ಯಾಪಾರಿ ಅಲ್ಲಿಂದ ಸಾಗಿಸಿದ.

ತಾಮ್ರ ಹೀಗೆ ಸಿಗುವುದು ಅಪರೂಪ. ಹೆಚ್ಚಾಗಿ ಅದು ಗಂಧಕದೊಡನೆ ಬೆರೆತ ಅದಿರು. ಚಿತ್ರದುರ್ಗದ ಇಂಗಳದಾಳಿನ ಗಣಿಯಿಂದ ತೆಗೆದ ಚಾಲ್ಕೋಪೈರೈಟ್ ಅಂಥದ್ದೇ. ಸುಪೀರಿಯರ್ ಸರೋವರದ ಕೆವೀನಾ ಪರ್ಯಾಯದ್ವೀಪದಲ್ಲಾದರೋ ಸುಮಾರು 110 ಕೋಟಿ ವರ್ಷ ಹಳೆಯ ಲಾವಾ ಶಿಲೆಯ ಬಿರುಕು, ರಂಧ್ರಗಳಲ್ಲಿ ಬಿಸಿನೀರು ತಾಮ್ರವನ್ನು ಲೋಹವಾಗಿಯೇ ಬಿಟ್ಟುಹೋಯಿತು. ಮುಂದೆ ಹಿಮನದಿಗಳು ಅದನ್ನು ಕಿತ್ತು ದೂರದೂರಕ್ಕೆ ಎಳೆದೊಯ್ದವು.

ಅಲ್ಲಿ ಬಿದ್ದಿರುವ ತುಂಡಿಗೆ ಹೊಸ ತಾಮ್ರದ ಹೊಳಪಿರುವುದಿಲ್ಲ. ಕಂದುಗಪ್ಪು ಮೈ, ಅಲ್ಲಲ್ಲಿ ಹಸಿರು. ಆದರೆ ಎತ್ತಿದೊಡನೆ ಕೈಗೆ ಗೊತ್ತಾಗುತ್ತದೆ: ತಾಮ್ರ ನೀರಿಗಿಂತ 8.9 ಪಟ್ಟು ಭಾರ, ಸುತ್ತಲಿನ ಕಪ್ಪುಶಿಲೆ ಸುಮಾರು 3 ಪಟ್ಟು. ಚಾಕುವಿನಿಂದ ಗೀರಿದರೆ ಕೆಂಪು ಲೋಹ ಮಿಂಚುತ್ತದೆ. ಸುತ್ತಿಗೆಯ ಏಟಿಗೆ ಕಲ್ಲು ಒಡೆಯುತ್ತದೆ, ತಾಮ್ರ ಚಪ್ಪಟೆಯಾಗುತ್ತದೆ. ಹರಿದ ಅಂಚು ಬೆರಳಿಗೆ ಮುಳ್ಳುಮುಳ್ಳಾಗಿ ತಾಗುತ್ತದೆ.

ಹಸಿರಿನ ವಿಷಯ ಇಷ್ಟು ಸರಳವಲ್ಲ.

ಗಾಳಿಯ ಆಮ್ಲಜನಕ ತಾಗಿ ತಾಮ್ರದ ಮೇಲೆ ಮೊದಲು ಕೆಂಪು ಕ್ಯೂಪ್ರೈಟ್ ಪದರ ಕೂರುತ್ತದೆ. ಬಳಿಕ ಯಾವ ಹಸಿರು ಬರಬೇಕೆಂಬುದನ್ನು ಸುತ್ತಲಿನ ಪರಿಸರ ನಿರ್ಧರಿಸುತ್ತದೆ. ತೇವಾಂಶ, ಇಂಗಾಲದ ಡೈಆಕ್ಸೈಡ್ ಸೇರಿದರೆ ಮ್ಯಾಲಕೈಟ್. ಉಪ್ಪಿದ್ದರೆ ಚಿಲಿಯ ಅಟಕಾಮಾ ಮರುಭೂಮಿಯಿಂದ ಹೆಸರು ಪಡೆದ ಅಟಕಮೈಟ್. ಸಿಲಿಕಾ ಇದ್ದರೆ ನೀಲಿ ಬೆರೆತ ಕ್ರೈಸೊಕೊಲ್ಲಾ. ನಗರದ ಹೊಗೆಯ ಗಂಧಕ ಸಿಕ್ಕರೆ ಬ್ರೊಕಾಂಟೈಟ್. ನ್ಯೂಯಾರ್ಕಿನ ಸ್ವಾತಂತ್ರ್ಯದೇವಿಯ ಹಸಿರು ಮುಖ್ಯವಾಗಿ ಇದೇ. 1886ರಲ್ಲಿ ಅನಾವರಣಗೊಂಡಾಗ ಆಕೆಯ ಸುಮಾರು 2.4 ಮಿ.ಮೀ. ದಪ್ಪದ ತಾಮ್ರದ ಹೊದಿಕೆ ಕೆಂಗಂದು ಬಣ್ಣದ್ದಾಗಿತ್ತು.

ಇವುಗಳಲ್ಲಿ ಮ್ಯಾಲಕೈಟನ್ನು ಗುರುತಿಸುವುದು ಸುಲಭ. ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿದ್ದರೆ ನೊರೆಯುಕ್ಕುತ್ತದೆ. ಉಳಿದ ಮೂರರಲ್ಲಿ ಉಕ್ಕುವುದಿಲ್ಲ.

ತಾಮ್ರವೇ ಇಲ್ಲದ ಹಸಿರೂ ಇದೆ, ಹೊಸಬರು ಎಡವುವುದು ಅಲ್ಲೇ. ಕೆವೀನಾದ ತಾಮ್ರದ ಜೊತೆಯಲ್ಲೇ ಸಿಗುವ ಎಪಿಡೋಟ್ ಪಿಸ್ತಾ ಹಸಿರು, ಆದರೆ ಚಾಕುವಿಗೆ ಜಗ್ಗುವುದಿಲ್ಲ. ನಮ್ಮ ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯ ಫುಕ್ಸೈಟ್ ಕಲ್ಲಿನ ಚೆಲುವಾದ ಹಸಿರಿಗೆ ಕ್ರೋಮಿಯಂ ಕಾರಣ. ಅನುಮಾನವಿದ್ದರೆ ಹಸಿರಿನ ಚಿಟಿಕೆ ಪುಡಿಯನ್ನು ಅದೇ ಆಮ್ಲದಲ್ಲಿ ನೆನೆಸಿ, ಉಜ್ಜಿದ ಕಬ್ಬಿಣದ ಮೊಳೆಯೊಂದನ್ನು ಅದ್ದಬೇಕು. ಕರಗಿದ ತಾಮ್ರವಿದ್ದರೆ ಮೊಳೆ ಕೆಂಪು ಲೇಪ ಹೊದ್ದು ಬರುತ್ತದೆ. ಮನೆಮಟ್ಟದಲ್ಲಿ ಇದು ನಂಬಿಕಸ್ಥ ಪರೀಕ್ಷೆ.

ಒಂದು ವಿನಂತಿ: ಇಂಥ ತುಂಡು ಸಿಕ್ಕರೆ ಮನೆಯ ಚೊಂಬಿನ ಕಿಲುಬಿನಂತೆ ಹುಣಸೆಹಣ್ಣು ಹಾಕಿ ಬೆಳಗಬೇಡಿ. ಪರೀಕ್ಷೆಗೆ ಮೂಲೆಯ ಚೂರು ಸಾಕು. ಸಿಕ್ಕ ಜಾಗವನ್ನು ಬರೆದಿಡಿ, ಮುಟ್ಟಿದ ಕೈ ತೊಳೆಯಿರಿ.