ನೋಟರಿ ಮುದ್ರೆ ಬಿದ್ದರೆ ತೋಟ ನಮ್ಮದಾಯಿತೇ?

ಕಾಫಿ ಕೊಯ್ಲು ಮುಗಿದು ಕೈಗೆ ಹಣ ಬಂದಾಗ ಚಿಕ್ಕಮಗಳೂರು, ಮೂಡಿಗೆರೆ, ಕಳಸ ಕಡೆಯ ಮನೆಗಳಲ್ಲಿ ಬಾಕಿ ಉಳಿದ ಕಾಗದಪತ್ರದ ಕೆಲಸಗಳೂ ಶುರುವಾಗುತ್ತವೆ. ಅಣ್ಣತಮ್ಮಂದಿರ ಪಾಲು, ತೋಟದ ಮಾರಾಟ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಒಪ್ಪಿಗೆ, ಹೀಗೆ. ಹಲವರು ಸ್ಟಾಂಪ್ ಪೇಪರಿನಲ್ಲಿ ಬರೆಸಿ, ನೋಟರಿ ಮುದ್ರೆ ಹಾಕಿಸಿ, ಬೀರುವಿನಲ್ಲಿಟ್ಟು ನಿಶ್ಚಿಂತರಾಗುತ್ತಾರೆ. ಬ್ಯಾಂಕ್ ಸಾಲಕ್ಕೋ ಖಾತೆ ಬದಲಾವಣೆಗೋ ಹೋದಾಗಲೇ ಆ ಕಾಗದ ನಡೆಯುವುದಿಲ್ಲ ಎಂದು ತಿಳಿಯುವುದು. ಅಷ್ಟರಲ್ಲಿ ಸಹಿ ಹಾಕಿದ ಹಿರಿಯರು ತೀರಿಕೊಂಡಿದ್ದರೆ ಕೋರ್ಟೇ ಗತಿ.

ನೋಟರಿ ಎಂದರೆ ಯಾರು?

ನೋಟರಿಯವರು ಸರ್ಕಾರಿ ನೌಕರರಲ್ಲ. 1952ರ ನೋಟರಿ ಕಾಯ್ದೆಯಂತೆ ಕೇಂದ್ರ ಅಥವಾ ರಾಜ್ಯ ಸರ್ಕಾರ ಅವರನ್ನು ನೇಮಿಸುತ್ತದೆ. 1956ರ ನಿಯಮಗಳ ಪ್ರಕಾರ ವಕೀಲರಿಗೆ ಕನಿಷ್ಠ 10 ವರ್ಷದ ಅನುಭವ ಬೇಕು. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗದವರಿಗೆ 7 ವರ್ಷ ಸಾಕು. ಅವರಿಗೆ ಕೊಡುವ ಪ್ರಮಾಣಪತ್ರದ ಅವಧಿ 5 ವರ್ಷ, ಆಮೇಲೆ ನವೀಕರಿಸಬೇಕು. ಯಾವ ಪ್ರದೇಶದಲ್ಲಿ ಕೆಲಸ ಮಾಡಬಹುದು ಎಂಬುದೂ ಅದರಲ್ಲಿರುತ್ತದೆ.

ವ್ಯಾಪಾರಸ್ಥರಿಗೆ ನೋಟರಿ ಹಳೆಯ ಪರಿಚಯ. ಹುಂಡಿ, ಪ್ರಾಮಿಸರಿ ನೋಟಿನ ಹಣ ಪಾವತಿಯಾಗದಿದ್ದರೆ ಅದನ್ನು ದಾಖಲಿಸುವುದು ಅವರ ಮೂಲ ಕೆಲಸಗಳಲ್ಲೊಂದು. ಇಂದು ಚೆಕ್ ಬೌನ್ಸ್ ಎಂದರೆ ನೆನಪಾಗುವ 138ನೇ ಕಲಮು 1881ರ ಕಾಯ್ದೆಯಲ್ಲಿ ಮೊದಲು ಇದ್ದದ್ದು ನೋಟರಿಗಳ ನೇಮಕದ ಬಗ್ಗೆಯೇ.

ಮುದ್ರೆಯ ಅರ್ಥ

ಈ ವ್ಯಕ್ತಿ ತನ್ನ ಮುಂದೆ ಸಹಿ ಮಾಡಿದರು, ಪ್ರಮಾಣ ಮಾಡಿದರು, ಅಥವಾ ಈ ನಕಲು ಮೂಲದಂತಿದೆ ಎಂದಷ್ಟೇ ನೋಟರಿ ಹೇಳುವುದು. ಒಳಗೆ ಬರೆದದ್ದು ನಿಜವೆಂದಾಗಲಿ, ಆಸ್ತಿ ಕೈ ಬದಲಾಯಿತೆಂದಾಗಲಿ ಅಲ್ಲ. ಆದ್ದರಿಂದ ಈ ವಿಷಯಗಳನ್ನು ಗಮನಿಸಬೇಕು:

• ತೋಟ, ಮನೆ, ನಿವೇಶನದ ಕ್ರಯಪತ್ರ, ವಿಭಾಗಪತ್ರ, ಹಕ್ಕು ಬಿಡುಗಡೆ ಪತ್ರಗಳು 1908ರ ನೋಂದಣಿ ಕಾಯ್ದೆಯಂತೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಬೇಕು.
• ಹಿಂದೂ ಉತ್ತರಾಧಿಕಾರ ಕಾಯ್ದೆ ಜೈನರಿಗೂ ಅನ್ವಯಿಸುತ್ತದೆ. 2005ರ ತಿದ್ದುಪಡಿಯಿಂದ ಕೂಡುಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. "ನನಗೆ ಪಾಲು ಬೇಡ" ಎಂದು ಅಕ್ಕತಂಗಿಯರು ನೋಟರಿ ಮುಂದೆ ಅಫಿಡವಿಟ್ ಕೊಟ್ಟ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ.
• ಜಿಪಿಎ ಬರೆಸಿಕೊಂಡರೆ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಬೇರೊಬ್ಬರು ಸಹಿ ಮಾಡಿದ ಪತ್ರವನ್ನು ಅವರ ಪರವಾಗಿ ನೋಂದಣಿಗೆ ಹಾಜರುಪಡಿಸಲು ಬೇಕಾದ ಅಧಿಕಾರಪತ್ರಕ್ಕೆ, ಅವರು ಭಾರತದಲ್ಲಿದ್ದರೆ, ಸಬ್ ರಿಜಿಸ್ಟ್ರಾರರ ದೃಢೀಕರಣವೇ ಬೇಕು. ವಿದೇಶದಲ್ಲಿರುವ ಮಕ್ಕಳು ಅಲ್ಲಿನ ನೋಟರಿ ಅಥವಾ ಭಾರತದ ಕಾನ್ಸುಲ್ ಮುಂದೆ ಮಾಡಿಸಬಹುದು.
• ವಿಲ್‌ಗೆ ನೋಂದಣಿ ಕಡ್ಡಾಯವಲ್ಲ. ಆದರೆ ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು. ನೋಟರಿ ಮುದ್ರೆ ಅದರ ಬದಲಿಯಲ್ಲ.
• ಮದುವೆ, ವಿಚ್ಛೇದನದ ಪತ್ರ ಮಾಡಿಕೊಡುವ ಅಧಿಕಾರ ನೋಟರಿಗಳಿಗಿಲ್ಲ ಎಂದು 2024ರಲ್ಲಿ ಕೇಂದ್ರ ಸರ್ಕಾರ ಸ್ಪಷ್ಟಪಡಿಸಿದೆ.

ಸಹಿಗೆ ಮುನ್ನ

ನೋಟರಿ ಎದುರಿನಲ್ಲೇ ಸಹಿ ಮಾಡಿ. ಸಹಿ ಮಾಡಿದ ಕಾಗದವನ್ನು ಬೇರೆಯವರ ಕೈಯಲ್ಲಿ ಕಳಿಸಬೇಡಿ. ಓದಲು ಕಷ್ಟವಾಗುವ ಹಿರಿಯರಿಗೆ ಕನ್ನಡದಲ್ಲಿ ಓದಿ ಹೇಳಿಸಿ. ದುಂಡು ಮುದ್ರೆಯಲ್ಲಿ ನೋಟರಿಯ ಹೆಸರು, ಪ್ರದೇಶ, ನೇಮಿಸಿದ ಸರ್ಕಾರದ ಹೆಸರು ಇದೆಯೇ ನೋಡಿ. ಅವರ ರಿಜಿಸ್ಟರಿನಲ್ಲಿ ದಾಖಲಾಗಿದೆಯೇ ಕೇಳಿ. ಶುಲ್ಕವನ್ನು ನಿಯಮದಲ್ಲೇ ನಿಗದಿ ಮಾಡಲಾಗಿದೆ, ರಸೀದಿ ಪಡೆಯಿರಿ.

ತಪ್ಪು ನಡೆದಿದ್ದರೆ ನೇಮಿಸಿದ ಸರ್ಕಾರಕ್ಕೆ ನಮೂನೆ 13ರಲ್ಲಿ ದೂರು ಕೊಡಬಹುದು. ವಿಚಾರಣೆಯಲ್ಲಿ ದುರ್ನಡತೆ ರುಜುವಾತಾದರೆ ನೋಟರಿಯ ಹೆಸರನ್ನು ರಿಜಿಸ್ಟರಿನಿಂದ ತೆಗೆಯಲು ಅವಕಾಶವಿದೆ. ನೋಟರಿಯಲ್ಲದವರು ನೋಟರಿ ಎಂದು ಹೇಳಿಕೊಂಡರೆ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು.

ಸುಳ್ಳು ಅಫಿಡವಿಟ್ ಕೊಡುವುದು ಕಾನೂನಿಗೆ ಮಾತ್ರ ಅಪರಾಧವಲ್ಲ. ತತ್ತ್ವಾರ್ಥಸೂತ್ರದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆ, ಅಂದರೆ ಸುಳ್ಳು ಪತ್ರ ಬರೆಯುವುದೂ ಒಂದು. ನೋಂದಣಿಯ ಖರ್ಚು ಉಳಿಸಲು ಹೋಗಿ ಒಡಹುಟ್ಟಿದವರ ನಡುವೆ ವ್ಯಾಜ್ಯ ತರುವುದಕ್ಕಿಂತ, ಎಲ್ಲರೂ ಕೂತು ಮಾತಾಡಿ, ವಕೀಲರನ್ನು ಕೇಳಿ, ಪತ್ರವನ್ನು ನೋಂದಣಿ ಮಾಡಿಸುವುದೇ ಲೇಸು.