ತಲೆನೋವು ಟವರಿನದೋ, ಬಿ.ಪಿ.ಯದೋ?

ವಾರಕ್ಕೊಂದು ದಿನ ನಾನು ಮಸ್ಕಿಯಲ್ಲಿ ರೋಗಿಗಳನ್ನು ನೋಡುತ್ತೇನೆ. ಕಳೆದ ಬೇಸಿಗೆಯಲ್ಲಿ ಹತ್ತಿರದ ಹಳ್ಳಿಯಿಂದ ಐವತ್ತರ ಆಸುಪಾಸಿನ ತಾಯಿಯೊಬ್ಬರು ಬಂದರು. ಎಂಟು ತಿಂಗಳಿನಿಂದ ತಲೆನೋವು, ಬೆಳಿಗ್ಗೆ ಏಳುವಾಗ ಹೆಚ್ಚು. "ಹಕೀಮ್ ಸಾಬ್, ಮನಿ ಹಿಂದ ಟವರ್ ನಿಲ್ಸ್ಯಾರ್ರೀ. ಅವತ್ತಿಂದ ತಲಿನೋವು ಬಿಟ್ಟಿಲ್ರೀ" ಎಂದರು. ತೋಳಿಗೆ ಪಟ್ಟಿ ಕಟ್ಟಿ ಬಿ.ಪಿ. ನೋಡಿದೆ. 180/110 ಇತ್ತು.

ಎಂಟು ತಿಂಗಳು ಮನೆಯವರೆಲ್ಲ ಟವರನ್ನು ಬೈದಿದ್ದರು. ಅವರ ಬಿ.ಪಿ.ಯನ್ನು ಮಾತ್ರ ಯಾರೂ ನೋಡಿಸಿರಲಿಲ್ಲ. ಇನ್ನಷ್ಟು ದಿನ ಹಾಗೇ ಬಿಟ್ಟಿದ್ದರೆ ಲಕ್ವ ಹೊಡೆಯುವ ಅಪಾಯವಿತ್ತು. ಅಂದೇ ತಾಲ್ಲೂಕು ಆಸ್ಪತ್ರೆಗೆ ಕಳಿಸಿದೆ. ಸಿಂಧನೂರು, ಲಿಂಗಸುಗೂರಿನಲ್ಲೂ ಇಂಥದ್ದೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಸಲ ಮೊಬೈಲ್ ತರಂಗಗಳ ಬಗ್ಗೆಯೇ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ತೀರಿಸಿಕೊಳ್ಳೋಣ. "ರೇಡಿಯೇಶನ್" ಎಂದ ಕೂಡಲೇ ನಮಗೆ ಎಕ್ಸ್‌ರೇ ನೆನಪಾಗುತ್ತದೆ. ಎಕ್ಸ್‌ರೇ ಕಿರಣ ಜೀವಕೋಶದೊಳಗಿನ ವಂಶವಾಹಿಯನ್ನೇ ಮುರಿಯಬಲ್ಲದು. ಮೊಬೈಲಿನ ರೇಡಿಯೋ ತರಂಗಕ್ಕೆ ಅಷ್ಟು ಕಸುವಿಲ್ಲ. ಅದು ಮಾಡುತ್ತದೆಂದು ಸಾಬೀತಾಗಿರುವುದು ಒಂದೇ, ಹೆಚ್ಚಾದರೆ ಮಾಂಸಖಂಡವನ್ನು ಬಿಸಿ ಮಾಡುವುದು. ಆ ಬಿಸಿ ಹಾನಿ ಮಾಡುವ ಮಟ್ಟಕ್ಕಿಂತ ಬಹಳ ಕೆಳಗೆ ಸರ್ಕಾರಗಳು ಮಿತಿ ಹಾಕಿವೆ. (ತಾಸುಗಟ್ಟಲೆ ಮಾತಾಡಿದಾಗ ಕಿವಿ ಬಿಸಿಯಾಗುವುದು ಹೆಚ್ಚಾಗಿ ಫೋನಿನ ಬ್ಯಾಟರಿಯಿಂದ.)

ನಮ್ಮ ದೇಶದ ಮಿತಿ ಸಡಿಲವೇನಲ್ಲ. 2012ರ ಸೆಪ್ಟೆಂಬರ್ 1ರಿಂದ ಭಾರತದಲ್ಲಿ ಹೊಸ ಫೋನುಗಳಿಗೆ ಇಟ್ಟ ಮಿತಿ ಕಿಲೋಗೆ 1.6 ವ್ಯಾಟ್. ಅಂದರೆ ದೇಹದ ಯಾವುದೇ ಒಂದು ಗ್ರಾಂ ಭಾಗವನ್ನು ತೆಗೆದುಕೊಂಡರೂ ಅದು ಹೀರುವ ಶಕ್ತಿ ಈ ಲೆಕ್ಕ ಮೀರಬಾರದು. ಇದಕ್ಕೆ ಎಸ್‌.ಎ.ಆರ್‌. ಎನ್ನುತ್ತಾರೆ. ಅದಕ್ಕೆ ಮೊದಲು 10 ಗ್ರಾಂ ಭಾಗದ ಸರಾಸರಿಯಲ್ಲಿ 2 ವ್ಯಾಟ್ ಇತ್ತು. ಟವರುಗಳ ಮಿತಿಯನ್ನು ಅದೇ ದಿನದಿಂದ ಅಂತರರಾಷ್ಟ್ರೀಯ ಮಟ್ಟದ ಹತ್ತನೇ ಒಂದು ಭಾಗಕ್ಕೆ ಇಳಿಸಲಾಯಿತು.

ನಿಮ್ಮ ಫೋನಿನ ಎಸ್‌.ಎ.ಆರ್‌. ನೋಡಬೇಕೆಂದರೆ ನಂಬರ್ ಒತ್ತುವ ಜಾಗದಲ್ಲಿ *#07# ಒತ್ತಿ. ಬಹುತೇಕ ಫೋನುಗಳಲ್ಲಿ ಬರುತ್ತದೆ. ತಲೆಗೆ ಒಂದು ಅಂಕಿ, ಮೈಗೆ ಇನ್ನೊಂದು ಅಂಕಿ ಇರುತ್ತದೆ. ದುಬಾರಿ ಫೋನಾದರೆ ನೋಡುವುದೇ ಬೇಡ ಎನ್ನುವ ಹಾಗಿಲ್ಲ. 2023ರ ಸೆಪ್ಟೆಂಬರಿನಲ್ಲಿ ಫ್ರಾನ್ಸ್ ಸರ್ಕಾರ ಐಫೋನ್ 12ರ ಮಾರಾಟವನ್ನೇ ತಡೆದಿತ್ತು. ಕೈಯಲ್ಲಿ ಅಥವಾ ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಳ್ಳುವುದಕ್ಕೆ ಅಲ್ಲಿನ ಮಿತಿ 4 ಇದ್ದರೆ, ಅಳತೆಯಲ್ಲಿ 5.74 ಬಂದಿತ್ತು. ಕಂಪನಿ ಸಾಫ್ಟ್‌ವೇರ್ ತಿದ್ದಬೇಕಾಯಿತು.

ಆದರೆ 0.5 ಇರುವ ಫೋನಿಗಿಂತ 1.0 ಇರುವ ಫೋನು ಎರಡು ಪಾಲು ಕೆಟ್ಟದ್ದು ಎಂದುಕೊಳ್ಳಬೇಡಿ. ಆ ಅಂಕಿ ಫೋನು ತನ್ನ ಪೂರ್ತಿ ಶಕ್ತಿಯಲ್ಲಿ ಕೆಲಸ ಮಾಡುವಾಗಿನದು. ದಿನನಿತ್ಯ ಅದು ಎಷ್ಟು ಶಕ್ತಿ ಬಳಸುತ್ತದೆ ಎಂಬುದನ್ನು ನಿರ್ಧರಿಸುವುದು ಸಿಗ್ನಲ್. ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರಿಗೆ ಬಸ್ಸಿನಲ್ಲಿ ಹೋಗುವಾಗ ನಿಮ್ಮ ಫೋನಿನ ಕಡ್ಡಿಗಳನ್ನು ಗಮನಿಸಿ. ಊರು ದಾಟಿ ಹೊಲಗಳ ನಡುವೆ ಬಂದಂತೆ ಕಡ್ಡಿ ಇಳಿಯುತ್ತವೆ, ಬ್ಯಾಟರಿಯೂ ಬೇಗ ಖಾಲಿಯಾಗುತ್ತದೆ. ದೂರದ ಟವರಿಗೆ ದನಿ ಮುಟ್ಟಿಸಲು ಫೋನು ಆಗ ಗಟ್ಟಿಯಾಗಿ ಕೂಗುತ್ತಿರುತ್ತದೆ. ಆ ಕೂಗು ನಿಮ್ಮ ಕಿವಿಯ ಪಕ್ಕದಲ್ಲೇ. ಟವರ್ ಹತ್ತಿರವಿದ್ದರೆ ಅದೇ ಫೋನು ಪಿಸುಗುಟ್ಟಿದರೆ ಸಾಕು. ನಮ್ಮ ತಲೆಗೆ ಬೀಳುವ ತರಂಗದಲ್ಲಿ ದೊಡ್ಡ ಪಾಲು ನಮ್ಮದೇ ಫೋನಿನದು. ಹಾಗಾಗಿ ಟವರ್ ಓಡಿಸಿದ ಊರಿನಲ್ಲಿ ಆ ಪಾಲು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಅಜ್ಜಿಗೆ ಹಳೆಯ ಬಟನ್ ಫೋನು ಕೊಟ್ಟು, ಇದು ಸಣ್ಣದು, ತೊಂದರೆಯಿಲ್ಲ ಎನ್ನುವವರಿದ್ದಾರೆ. ಹಳೆಯ 2ಜಿ ಫೋನು ಕರೆಯ ವೇಳೆ ಹೊಸ 3ಜಿ, 4ಜಿ ಫೋನುಗಳಿಗಿಂತ ಸಾಮಾನ್ಯವಾಗಿ ಹೆಚ್ಚು ಶಕ್ತಿ ಬಳಸುತ್ತದೆ.

ಕ್ಯಾನ್ಸರಿನ ಮಾತಿಗೆ ಬರೋಣ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಈ ತರಂಗಗಳನ್ನು "ಬಹುಶಃ ಕಾರಣವಾಗಿರಬಹುದು" ಎಂಬ 2ಬಿ ಪಟ್ಟಿಗೆ ಸೇರಿಸಿತು. ವಾಟ್ಸಾಪಿನಲ್ಲಿ ಸುತ್ತುವುದು ಈ ಸುದ್ದಿ ಮಾತ್ರ. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಪಟ್ಟಿಯಲ್ಲಿದೆ ಎಂದರೆ ನಮ್ಮಂಥ ಹಕೀಮರಿಗೇ ಇರುಸುಮುರುಸು! 2024ರಲ್ಲಿ ಅದೇ ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ ದೊಡ್ಡ ಪರಾಮರ್ಶೆ ಪ್ರಕಟವಾಯಿತು. 1994ರಿಂದ 2022ರವರೆಗಿನ 63 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹತ್ತು ವರ್ಷಕ್ಕೂ ಹೆಚ್ಚು ಕಾಲ ಮೊಬೈಲ್ ಬಳಸಿದವರಲ್ಲೂ ಮೆದುಳಿನ ಕ್ಯಾನ್ಸರ್ ಹೆಚ್ಚಾದದ್ದು ಕಂಡುಬರಲಿಲ್ಲ.

ಹಾಗಾದರೆ ಟವರ್ ಎಲ್ಲಿ ಬೇಕಾದರೂ ಇರಲಿ ಎನ್ನಲೇ? ಇಲ್ಲ. ಆಂಟೆನಾ ತನ್ನ ತರಂಗವನ್ನು ಬ್ಯಾಟರಿ ದೀಪದ ಬೆಳಕಿನಂತೆ ಮುಂದಕ್ಕೆ ಬಿಡುತ್ತದೆ. ಕಂಬದ ಬುಡದಲ್ಲಿ ಅದು ಕಡಿಮೆ, ಎದುರಿಗೆ ಅದೇ ಎತ್ತರದಲ್ಲಿರುವ ಮಹಡಿಗೆ ಹೆಚ್ಚು. ಆಂಟೆನಾ ನಿಮ್ಮ ಮಹಡಿಗೆ ನೇರ ಮುಖ ಮಾಡಿ ಹತ್ತಿರದಲ್ಲೇ ಇದ್ದರೆ ಅಳತೆ ಮಾಡಿಸಿ ಎಂದು ಕೇಳುವ ಹಕ್ಕು ನಿಮಗಿದೆ. ದೂರಸಂಪರ್ಕ ಇಲಾಖೆ 2017ರಲ್ಲಿ ಇದಕ್ಕಾಗಿ ತರಂಗ್ ಸಂಚಾರ್ ಎಂಬ ಜಾಲತಾಣ ತೆರೆದಿದೆ. 4,000 ರೂಪಾಯಿ ಕಟ್ಟಿದರೆ ಅಧಿಕಾರಿಗಳು ಬಂದು ಅಳೆಯುತ್ತಾರೆ. ಓಣಿಯವರು ಸೇರಿ ಹಾಕಿದರೆ ಮನೆಗೆ ನೂರಿನ್ನೂರು ಬೀಳುತ್ತದೆ. ಜಗಳಕ್ಕಿಂತ ಅಗ್ಗ.

ಫೋನಿನ ಹಿಂದೆ ಅಂಟಿಸುವ "ರೇಡಿಯೇಶನ್ ತಡೆ" ಚೀಟಿಗಳಿಗೆ ಹಣ ಹಾಕಬೇಡಿ. ಅದು ಸಿಗ್ನಲ್ ತಡೆದದ್ದೇ ಆದರೆ ಫೋನು ಇನ್ನೂ ಗಟ್ಟಿಯಾಗಿ ಕೂಗುತ್ತದೆ. ತರಂಗ ಇಳಿಸುವ ಮಾಜೂನು, ಅರ್ಕ ನನ್ನ ಹತ್ತಿರವೂ ಇಲ್ಲ. ಇದೆ ಎನ್ನುವವರನ್ನು ನಂಬಬೇಡಿ. ಮಗ ದುಬೈಯಿಂದ ಫೋನು ಮಾಡಿ ತಾಸುಗಟ್ಟಲೆ ಮಾತಾಡುವವನಾದರೆ ಸ್ಪೀಕರ್ ಹಾಕಿ ಒಂದು ಗೇಣು ದೂರ ಇಡಿ. ಅಷ್ಟಕ್ಕೇ ತಲೆಗೆ ತಲುಪುವುದು ಬಹಳ ಇಳಿಯುತ್ತದೆ. ಒಂದೇ ಕಡ್ಡಿ ಇದ್ದಾಗ ಮಾತು ಚಿಕ್ಕದಾಗಿರಲಿ. ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರು ಕುರ್ತಾದ ಮೇಲಿನ ಜೇಬಿನಲ್ಲಿ ಫೋನು ಇಡಬಾರದು, 15 ಸೆಂಟಿಮೀಟರ್ ದೂರವಾದರೂ ಇರಬೇಕು.

ನನಗೆ ತರಂಗಕ್ಕಿಂತ ಹೆಚ್ಚು ಚಿಂತೆ ನಿದ್ದೆಯದು. ಯುನಾನಿಯಲ್ಲಿ ಆರೋಗ್ಯಕ್ಕೆ ಆರು ಅಗತ್ಯಗಳನ್ನು ಹೇಳುತ್ತಾರೆ, ಅವುಗಳಲ್ಲಿ ನಿದ್ದೆ-ಎಚ್ಚರವೂ ಒಂದು. ರಾತ್ರಿ ಒಂದರವರೆಗೆ ಪರದೆ ನೋಡಿ ಮಲಗುವ ಹುಡುಗರ ತಲೆನೋವಿಗೆ ನಾನು ಮೊದಲು ಕೇಳುವುದು ಮಲಗುವ ಹೊತ್ತನ್ನೇ.

ಮಸ್ಕಿಯ ಆ ತಾಯಿ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಹೋದ ತಿಂಗಳು ನೋಡಿದಾಗ ಬಿ.ಪಿ. 136/86 ಇತ್ತು. ತಲೆನೋವು ಇಲ್ಲ, ಟವರ್ ಅಲ್ಲೇ ಇದೆ. ಫೋನು ಮಾತ್ರ ಇನ್ನೂ ದಿಂಬಿನ ಕೆಳಗೇ ಇಡುತ್ತಾರಂತೆ. ಯಾಕೆ ಎಂದರೆ, "ಫಜರ್‌ಗೆ ಅಲಾರಾಂ ಬೇಕಲ್ರೀ?" ಎಂದರು. ಫ್ಲೈಟ್ ಮೋಡ್‌ನಲ್ಲಿಟ್ಟರೂ ಅಲಾರಾಂ ಹೊಡೆಯುತ್ತದೆ ಎಂದು ಅವರ ಮೊಮ್ಮಗಳ ಕೈಯಲ್ಲೇ ಫೋನು ಕೊಟ್ಟು, ಎರಡು ನಿಮಿಷದ ಅಲಾರಾಂ ಇಡಿಸಿ ತೋರಿಸಿದೆ.